ಅತ್ತೆಯ ಬಳೆ ಮತ್ತು ಅಪ್ಪನ ‘ಆದರೆ’

ಇವತ್ತು ಬೆಳಿಗ್ಗೆ ಹುಳಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಕೈಯಲ್ಲಿ ಗಲಗಲ ಎಂದಿತು. ನನ್ನದು ಸದ್ದು ಮಾಡುವ ಕೈಯಲ್ಲ. ಬ್ಯಾಂಕಿನ ಕೆಲಸಕ್ಕೆ ಸೇರಿದಾಗಿನಿಂದ ಎಡಗೈಗೊಂದು ವಾಚು, ಬಲಗೈ ಬೋಳು. ಅದನ್ನು ನೋಡಿ ಮದುವೆ ಮನೆಗಳಲ್ಲಿ ಹಿರಿಯ ಹೆಂಗಸರು ನಿಟ್ಟುಸಿರು ಬಿಡುವುದೂ ನನಗೆ ಅಭ್ಯಾಸವಾಗಿಹೋಗಿದೆ. ಇದೆಲ್ಲಿಂದ ಬಂತಪ್ಪ ಸದ್ದು ಎಂದು ನೋಡಿದರೆ ಹಸಿರು ಗಾಜಿನ ಬಳೆಗಳು. ನನ್ನವಲ್ಲ, ಅತ್ತೆಯವು. ನಿನ್ನೆ ಸಂಜೆ ಅವಳು ಇವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಳ್ಳಲಿಲ್ಲ.

ಇದೇನು ಮಹಾ ಸಂಗತಿ ಎಂದು ನಿಮಗನ್ನಿಸಬಹುದು. ನಮ್ಮ ಮನೆಯಲ್ಲಿ ಇದು ಪೇಪರಿನ ಮುಖಪುಟಕ್ಕೆ ಬರಬೇಕಾದ ಸುದ್ದಿ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಆರಿಸಿ ಬನ್ನಿ, ನಾನು ಕಾಯುತ್ತೇನೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಅಪ್ಪನ ತಂಗಿ, ವಿಶಾಲಾಕ್ಷಿ. ಜೆ.ಪಿ. ನಗರದ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಅಪ್ಪ ಮತ್ತು ನಾವು, ಮೇಲಿನ ಅಂತಸ್ತಿನಲ್ಲಿ ಅತ್ತೆ. ಮಾವ ತೀರಿಕೊಂಡಾಗ ಅವರ ಕಡೆಯ ಯಾರೋ ಹಿರಿಯರು ಬಂದು ಬಳೆಯ ವಿಷಯ ಎತ್ತಿದರಂತೆ. ಅತ್ತೆ, “ತಾಳಿ, ಕಾಲುಂಗುರ ನಿಮ್ಮ ಕಡೆಯೋರು ಹಾಕಿದ್ದು, ಬೇಕಾದ್ರೆ ತಗೊಂಡು ಹೋಗಿ. ಬಳೆ ತೊಡಿಸಿದ್ದು ನಮ್ಮಪ್ಪ. ಅದರ ಸುದ್ದಿಗೆ ಬರಬೇಡಿ” ಅಂದಳಂತೆ. ಬಂದವರು ಕಾಫಿಯನ್ನೂ ಕುಡಿಯದೆ ಹೊರಟರು. ಆ ಅಪ್ಪ, ಅಂದರೆ ನನ್ನ ತಾತ, ಅತ್ತೆ ತೀರ ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರು. ಒಂದು ಫೋಟೋ ಇದೆ. ಅದರಲ್ಲಿ ಆ ಕಾಲದ ಎಲ್ಲರಂತೆ ಅವರೂ ಪೇಟ ಸುತ್ತಿ, ಯಾರ ಮೇಲೋ ಸಿಟ್ಟಾದವರ ಹಾಗೆ ಕೂತಿದ್ದಾರೆ. ಅದು ಬಿಟ್ಟರೆ ಅತ್ತೆಯ ಪಾಲಿಗೆ ಅಪ್ಪ ಎಂದರೆ ಈ ಹಸಿರು ಬಳೆ. ಒಡೆದಾಗಲೆಲ್ಲ ಜಯನಗರದ ಕಾಂಪ್ಲೆಕ್ಸಿಗೆ ಹೋಗಿ ಅದೇ ಬಣ್ಣ, ಅದೇ ಅಳತೆ ತರುತ್ತಾಳೆ. ಅಳತೆ ಮಾತ್ರ ಅವಳು ಗುಂಡುಗುಂಡಗಿದ್ದ ಕಾಲದ್ದು. ಈಗ ಕೈ ಸೊರಗಿ ಬಳೆ ಸಲೀಸಾಗಿ ಜಾರುತ್ತವೆ.

ಇಂಥ ಬಳೆಯನ್ನು ಅತ್ತೆ ಲೋಕದಲ್ಲಿ ಒಂದಕ್ಕೆ ಮಾತ್ರ ತೆಗೆಯುತ್ತಾಳೆ. ಅದು ಮೈಕು.

ಬನಶಂಕರಿಯ ಒಂದು ಕಾಲೇಜಿನ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಸಮುದಾಯ ರೇಡಿಯೋ ಇದೆ. ಅದರ ದನಿ ಆ ಕಡೆ ಪುಟ್ಟೇನಹಳ್ಳಿ ಕೆರೆ ದಾಟಿ ಕೋಣನಕುಂಟೆಯವರೆಗೆ ಹೋಗುತ್ತದೆ, ಈ ಕಡೆ ತಿಲಕ್ ನಗರಕ್ಕೆ ಬರುವ ಹೊತ್ತಿಗೆ ಗೊರಗೊರ ಎನ್ನುತ್ತದೆ. “ನಮ್ಮದು ಅಖಿಲ ಜೆ.ಪಿ. ನಗರ ಕೀರ್ತಿ” ಎಂದು ಅಪ್ಪನ ವರ್ಣನೆ. ಪ್ರತಿ ಶನಿವಾರ ಸಂಜೆ ಅಲ್ಲಿ ಅಪ್ಪ ಮತ್ತು ಅತ್ತೆ ‘ಎಲೆ ಅಡಿಕೆ’ ಎಂಬ ಕಾರ್ಯಕ್ರಮ ನಡೆಸುತ್ತಾರೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹರಟುವ ಹಾಗೆ ಆ ವಾರ ಓದಿದ ಪುಸ್ತಕ, ಕೇಳಿದ ಕಚೇರಿ, ನೋಡಿದ ಸಿನಿಮಾ ಇವುಗಳ ಬಗ್ಗೆ ಮಾತು. ನೇರ ಪ್ರಸಾರ. ಕೇಳುಗರು ನಡುವೆ ಫೋನು ಮಾಡಬಹುದು. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರಿಗೂ ತಾವೇ ಸರಿ ಎಂಬ ಖಾತ್ರಿ ಇದೆ. ಕಾರ್ಯಕ್ರಮಕ್ಕೆ ಇನ್ನೇನು ಬೇಕು?

ಮೊದಲ ದಿನ ಸ್ಟುಡಿಯೋ ನೋಡಿ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆ ತುಂಬ ಮೊಟ್ಟೆ ಇಡುವ ಟ್ರೇ ಅಂಟಿಸಿದ್ದರು.

“ಇದೇನಮ್ಮಾ ಇದು, ಮೊಟ್ಟೆ ಅಂಗಡಿ ಥರ?”

“ಸೌಂಡ್ ಎಕೋ ಆಗ್ಬಾರ್ದು ಅಂತ ಆಂಟಿ. ಲೋ ಬಜೆಟ್ಟು” ಎಂದಳು ಮೇಘನಾ. ರೇಡಿಯೋ ನೋಡಿಕೊಳ್ಳುವ ಹುಡುಗಿ ಅವಳು. ಅವಳ ನಿಘಂಟಿನಲ್ಲಿ ಹೊಗಳಿಕೆಗೆ ಒಂದೇ ಪದ, ಸಖತ್.

“ಬರೀ ಟ್ರೇ ಕಣೇ, ಒಳಗೆ ಏನೂ ಇಲ್ಲ. ಬಾ” ಎಂದ ಅಪ್ಪ.

ಅತ್ತೆ ಮಡಿ ಉಟ್ಟವಳಂತೆ ಸೀರೆಯ ಸೆರಗನ್ನು ಮೈಗೆ ಬಿಗಿದುಕೊಂಡು ಒಳಗೆ ಹೋದಳು. ಬಾಯಿ ತೆರೆಯುವ ಮೊದಲೇ ಮೈಕಿನಲ್ಲಿ ಗಲಗಲ. ಮೇಘನಾ ಕೈಮುಗಿದು ಬೇಡಿಕೊಂಡಳು. ಅತ್ತೆ ಬಹಳ ಹೊತ್ತು ಯೋಚಿಸಿ ಬಳೆಗಳನ್ನು ತೆಗೆದಳು. ಮೇಜಿನ ಮೇಲೆ ಇಡಲಿಲ್ಲ, ಪರ್ಸಿನಲ್ಲಿ ಹಾಕಲಿಲ್ಲ. “ಬಳೆ ಕೈಯಲ್ಲೇ ಇರಬೇಕು” ಎಂದು ಹೊರಗೆ ಬಂದು ನನ್ನ ಕೈಗೆ ಏರಿಸಿದಳು. ಅಂದಿನಿಂದ ಸಂಸ್ಕೃತಿ ಕ್ಷೇತ್ರದಲ್ಲಿ ನನ್ನ ಹುದ್ದೆ ಇದೇ. ಗಾಜಿನ ಗೋಡೆಯ ಈಚೆ ಕುರ್ಚಿ ಹಾಕಿಕೊಂಡು ಅತ್ತೆಯ ಬಳೆ ತೊಟ್ಟು, ಅಪ್ಪನ ಬಿಸಿನೀರಿನ ಫ್ಲಾಸ್ಕು ಹಿಡಿದು ಕೂತಿರುವುದು. ಕಾರ್ಯಕ್ರಮ ಮುಗಿದ ತಕ್ಷಣ ಅತ್ತೆ ಮೊದಲು ಕೈ ಚಾಚುತ್ತಾಳೆ, ಆಮೇಲೆ ಚಪ್ಪಲಿ ಹುಡುಕುತ್ತಾಳೆ. ಒಂದು ವಾರವೂ ಇದು ತಪ್ಪಿದ್ದಿಲ್ಲ, ನಿನ್ನೆಯವರೆಗೆ.

ರೇಡಿಯೋ ವಿಮರ್ಶೆ ನಮ್ಮ ಮನೆಗೆ ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ದೊಡ್ಡ ಸರ್ಕಾರಿ ರೇಡಿಯೋದಲ್ಲಿ ಆಗಾಗ ಪುಸ್ತಕ ವಿಮರ್ಶೆ ಓದುತ್ತಿದ್ದ. ವಿಮಾ ಕಚೇರಿಯ ಗುಮಾಸ್ತಿಕೆ ಹೊಟ್ಟೆಪಾಡಿಗೆ, ಇದು ಗೌರವಕ್ಕೆ. ರೆಕಾರ್ಡಿಂಗಿನ ದಿನ ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಗೆ ತೆಳ್ಳಗೆ ಕುಂಕುಮ. “ರೇಡಿಯೋದಲ್ಲಿ ಯಾರಿಗೆ ಕಾಣುತ್ತೆ?” ಎಂದು ಅಮ್ಮ ಕೇಳಿದರೆ, “ದನಿಯಲ್ಲಿ ಕಾಣುತ್ತೆ” ಎನ್ನುತ್ತಿದ್ದ. ಪ್ರಸಾರವಾಗುವ ಸಂಜೆ ಕುಕ್ಕರಿಗೆ ವೆಯ್ಟ್ ಹಾಕುವಂತಿರಲಿಲ್ಲ. ಒಮ್ಮೆ ಅಮ್ಮ ಮರೆತು ಹಾಕಿಬಿಟ್ಟು, ಅಪ್ಪ ಇಡೀ ತಿಂಗಳು ಓದಿ ಮುಟ್ಟಿದ್ದ ತೀರ್ಮಾನ ಒಂದು ವಿಷಲ್ಲಿನಲ್ಲಿ ಹೋಯಿತು. ಆ ರಾತ್ರಿ ಅನ್ನ ಬಹಳ ಚೆನ್ನಾಗಿ ಬೆಂದಿತ್ತು, ಯಾರೂ ಹಾಗೆಂದು ಹೇಳಲಿಲ್ಲ.

ಅಪ್ಪನ ವಿಮರ್ಶೆಗೆ ಒಂದು ಕಟ್ಟಳೆ ಇತ್ತು. ಮೊದಲ ಪುಟಗಳ ತುಂಬ ಹೊಗಳಿಕೆ. ಕೊನೆಯ ಪುಟ ಶುರುವಾಗುವುದೇ ‘ಆದರೆ’ಯಿಂದ. ಅದಿಲ್ಲದಿದ್ದರೆ ಅದು ವಿಮರ್ಶೆಯಲ್ಲ, ಬೀಗರ ಔತಣದ ಭಾಷಣ ಎಂದು ಅವನ ಸಿದ್ಧಾಂತ. ಈ ಕಟ್ಟಳೆ ಮೆಲ್ಲಗೆ ಅಡುಗೆಮನೆಗೂ ನುಗ್ಗಿತು. “ಉಪ್ಪಿಟ್ಟು ಹದವಾಗಿದೆ, ಒಗ್ಗರಣೆಯಲ್ಲಿ ಗೋಡಂಬಿಯ ಔದಾರ್ಯವಿದೆ. ಆದರೆ...” ಅಮ್ಮ ಸಟ್ಟುಗ ಹಿಡಿದು ಕಾಯುತ್ತಿದ್ದಳು. ನನಗೂ ಅದು ಅಂಟಿಬಿಟ್ಟಿದೆ. ಗೆಳತಿಯ ಹೊಸ ಸೀರೆ ನೋಡಿ “ಬಣ್ಣ ತುಂಬ ಚೆನ್ನಾಗಿದೆ” ಎಂದು ಹೇಳಿ ಸುಮ್ಮನಾದರೂ ಅವಳು, “ಆಮೇಲೆ? ಅದನ್ನೂ ಹೇಳಿಬಿಡು” ಎನ್ನುತ್ತಾಳೆ. ಬ್ಯಾಂಕಿನಲ್ಲಿ ನನ್ನ ಬಗ್ಗೆ ಮ್ಯಾನೇಜರರ ಅಭಿಪ್ರಾಯವೂ ಹೀಗೇ ಎರಡು ಪುಟದಲ್ಲಿ ಇರುತ್ತದೆ ಎಂದು ಕೇಳಿದ್ದೇನೆ.

ಅತ್ತೆಯದು ಬೇರೆ ಪಂಥ. ಆಗೆಲ್ಲ ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಸಿನಿಮಾದ ಬರೀ ಧ್ವನಿ ಬರುತ್ತಿತ್ತು. ಮಾತು, ಹಾಡು, ಹೊಡೆದಾಟ ಎಲ್ಲ ಕೇಳುವುದು, ಚಿತ್ರ ಮಾತ್ರ ಇಲ್ಲ. ನಾವು ಮಕ್ಕಳು ಬಿಸಿಬೇಳೆಬಾತ್ ತಿಂದು ನೆಲದ ಮೇಲೆ ಮಲಗಿಕೊಳ್ಳುತ್ತಿದ್ದೆವು. ಅತ್ತೆ ಗೋಡೆಗೆ ಒರಗಿ, ಕ್ರೋಷಾ ಹೊದಿಕೆ ಹಾಕಿದ ರೇಡಿಯೋವನ್ನೇ ದಿಟ್ಟಿಸುತ್ತ ಕಾಣದ ಚಿತ್ರವನ್ನು ನಮಗೆ ತೋರಿಸುತ್ತಿದ್ದಳು. ಬರೀ ಪಿಟೀಲು ನುಡಿದರೆ, “ಈಗ ಅವಳು ಕಿಟಕಿ ಹತ್ರ ಬಂದ್ಲು. ನೇರಳೆ ಸೀರೆ, ಜರತಾರಿ ಅಂಚು. ಅವನು ಕೆಳಗೆ ಸೈಕಲ್ ನಿಲ್ಲಿಸ್ದ. ಮೇಲೆ ನೋಡಲ್ಲ, ಮೇಲೆ ನೋಡಲ್ಲ... ನೋಡ್ದ!” ನಾವು ಉಸಿರು ಬಿಡುತ್ತಿದ್ದೆವು. ಅವಳೂ ಆ ಸಿನಿಮಾ ನೋಡಿರುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಅದೇ ಸಿನಿಮಾಕ್ಕೆ ಥಿಯೇಟರಿಗೆ ಹೋದರೆ ಅಲ್ಲಿ ಕಿಟಕಿಯೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ನಾಯಕಿ ಸುಮ್ಮನೆ ಕಾಳು ಆರಿಸುತ್ತ ಕೂತಿದ್ದಳು. ಅತ್ತೆಗೆ ನಿರ್ದೇಶಕನ ಮೇಲೆ ಕೆಂಡದಂಥ ಕೋಪ. “ನಾನು ಹೇಳಿದ್ದೇ ಚೆನ್ನಾಗಿತ್ತು” ಎಂದಳು. ಚೆನ್ನಾಗಿತ್ತು ಕೂಡ.

ಇಂಥ ಇಬ್ಬರ ನಡುವೆ ಬೆಳೆದ ನಾನು ರೇಡಿಯೋ ತಾರೆ ಆಗಬೇಕಿತ್ತು, ಆಗಲಿಲ್ಲ. ಮಕ್ಕಳ ಕಾರ್ಯಕ್ರಮದಲ್ಲಿ ಒಮ್ಮೆ ಒಂದು ಪದ್ಯ ಹೇಳಲು ಅವಕಾಶ ಸಿಕ್ಕಿತ್ತು. ಕೆಂಪು ದೀಪ ಹತ್ತಿದ್ದೇ ತಡ, ಪದ್ಯ ತಲೆಯಿಂದ ಇಳಿದು ಎಲ್ಲಿಗೋ ಹೋಯಿತು. ನಾನು ಗಟ್ಟಿಯಾಗಿ, ಸ್ಪಷ್ಟವಾಗಿ, “ಅಮ್ಮಾ, ಬಾತ್‌ರೂಮಿಗೆ” ಎಂದೆ. ನಾಡಿನುದ್ದಕ್ಕೂ ಪ್ರಸಾರವಾದ ನನ್ನ ಏಕೈಕ ವಾಕ್ಯ ಅದು. ಅಪ್ಪ ಅಂದು, “ಉಚ್ಚಾರಣೆ ಶುದ್ಧವಾಗಿತ್ತು” ಎಂದಷ್ಟೇ ಹೇಳಿದ. ಆದರೆ ಎನ್ನಲಿಲ್ಲ. ಅದು ಅವನು ನನಗೆ ತೋರಿದ ದೊಡ್ಡ ಪ್ರೀತಿ.

ಎಲ್ಲಿಂದ ಎಲ್ಲಿಗೋ ಬಂದೆ. ಬಳೆಗೆ ವಾಪಸಾಗೋಣ.

‘ಎಲೆ ಅಡಿಕೆ’ ಮೊದಲು ಬಲು ಸೊಗಸಾಗಿ ನಡೆಯುತ್ತಿತ್ತು. ಅಪ್ಪನಿಗೆ ಕಚೇರಿ, ಸಿನಿಮಾ, ಉಪನ್ಯಾಸ ಎಲ್ಲಿ ಕೂತರೂ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ರಸಾನುಭವ ಎಂದು ಅವನು ಅದನ್ನು ಕರೆಯುತ್ತಾನೆ. ಅತ್ತೆ ಮೈಕಿನ ಮುಂದೆಯೇ, “ಅಣ್ಣ, ನೀನು ಸಿನಿಮಾ ನೋಡಿದ್ಯೋ, ರಸಾನುಭವ ಮಾಡಿದ್ಯೋ?” ಎಂದು ಕೆಣಕುತ್ತಿದ್ದಳು. ಅವನು, “ನೀನು ಅಲ್ಲಿಲ್ಲದ ಆನೆ ಒಂಟೇನೂ ನೋಡ್ತೀಯಲ್ಲ, ಲೆಕ್ಕ ಸರಿಹೋಗುತ್ತೆ ಬಿಡು” ಎನ್ನುತ್ತಿದ್ದ. ಕೇಳುಗರಿಗೆ ಸಿನಿಮಾಗಿಂತ ಇದೇ ಇಷ್ಟ. ಕೋಣನಕುಂಟೆಯ ಮುನಿಯಪ್ಪನವರಂತೂ ಪ್ರತಿ ವಾರ ಫೋನು ಮಾಡುತ್ತಿದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿ, ಸಂಜೆ ತಾರಸಿಯ ಮೇಲೆ ರೇಡಿಯೋ ಹಿಡಿದು ಕೂರುವ ಮನುಷ್ಯ. ಅವರಿಗೆ ವಿಮರ್ಶೆ ಬೇಡ, ಕಥೆಯ ಕೊನೆ ಬೇಕು. “ಅದೆಲ್ಲಾ ಇರ್ಲಿ ಸಾರ್, ಲಾಸ್ಟಲ್ಲಿ ಏನಾಯ್ತು ಹೇಳಿ” ಎನ್ನುತ್ತಿದ್ದರು.

ಹೀಗಿರುವಾಗ ಅತ್ತೆ ಒಂದು ಪುಸ್ತಕ ಬರೆದಳು. ‘ಇಂಟರ್ವಲ್ಲಿನ ಕಡಲೆಕಾಯಿ’ ಎಂದು ಹೆಸರು. ಅವಳು ನೋಡಿದ ಸಿನಿಮಾಗಳು, ಈಗ ಮಾಲು, ಛತ್ರ ಆಗಿಹೋದ ಥಿಯೇಟರುಗಳು, ಅಲ್ಲಿ ತಿಂದ ತಿಂಡಿಗಳು ಇವುಗಳ ಕಥೆ. ಅದರಲ್ಲಿ ಎಲ್ಲರೂ ಮೆಚ್ಚಿದ್ದು ತನ್ನ ಅಪ್ಪನ ಜೊತೆ ಅವಳು ಮ್ಯಾಟನಿಗೆ ಹೋದ ಅಧ್ಯಾಯ. ಇಂಟರ್ವಲ್ಲಿನಲ್ಲಿ ತಾತ ಕಡಲೆಕಾಯಿ ಕೊಡಿಸುತ್ತಾರೆ. ನೆಲ ಗಲೀಜಾಗಬಾರದೆಂದು ಸಿಪ್ಪೆಯನ್ನೆಲ್ಲ ತಮ್ಮ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಸಿನಿಮಾ ಮುಗಿದ ಮೇಲೆ ಮಗಳನ್ನು ಹೆಗಲ ಮೇಲೆ ಹೊತ್ತು ಬಸವನಗುಡಿಯ ವಠಾರಕ್ಕೆ ನಡೆದು ಬರುತ್ತಾರೆ, ಹೆಜ್ಜೆ ಹೆಜ್ಜೆಗೂ ಜೇಬಿನಲ್ಲಿ ಸಿಪ್ಪೆ ಚರಚರ ಎನ್ನುತ್ತದೆ. ಓದಿ ನಾನು ಅತ್ತೆಯ ಮನೆಗೆ ಹೋಗಿ ಸುಮ್ಮನೆ ಅವಳ ಪಕ್ಕ ಕೂತು ಬಂದಿದ್ದೆ.

“ಅಂಕಲ್, ಆಂಟಿ ಬುಕ್ಕನ್ನ ನೀವೇ ರಿವ್ಯೂ ಮಾಡಿ, ಸಖತ್ತಾಗಿರುತ್ತೆ” ಎಂದಳು ಮೇಘನಾ. ಅಣ್ಣನೇ ತಂಗಿಯ ಪುಸ್ತಕ ವಿಮರ್ಶಿಸುವುದು ಬೇಡ ಎಂದು ನಾನು ಹೇಳಿ ನೋಡಿದೆ. “ವಿಮರ್ಶಕನಿಗೆ ತಂಗಿ ಇಲ್ಲ” ಎಂದ ಅಪ್ಪ. ಈ ಮಾತು ಇಷ್ಟು ಬೇಗ ನಿಜವಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ಮೊದಲ ಪುಟಗಳು ಹೂವಿನಂತೆ ಹೋದವು. ಎದುರು ಮೈಕಿನಲ್ಲಿ ಕೂತ ಅತ್ತೆ ತಲೆ ತಗ್ಗಿಸಿ ನಾಚಿಕೊಳ್ಳುತ್ತಿದ್ದಳು. ಗಾಜಿನ ಈಚೆ ನಾನು ಮನಸ್ಸಿನಲ್ಲೇ ರಾಯರಿಗೆ ಹರಕೆ ಹೊತ್ತೆ, ಇವತ್ತೊಂದು ದಿನ ಕೊನೆಯ ಪುಟ ಕಳೆದುಹೋಗಲಿ ಎಂದು. ಹೋಗಲಿಲ್ಲ.

“ಆದರೆ,” ಎಂದ ಅಪ್ಪ, “ಮ್ಯಾಟನಿಯ ಅಧ್ಯಾಯದ ಬಗ್ಗೆ ಒಂದು ಮಾತು ಹೇಳದಿದ್ದರೆ ವಿಮರ್ಶಾಧರ್ಮಕ್ಕೆ ಚ್ಯುತಿ ಬರುತ್ತದೆ. ಲೇಖಕಿ ಅಂದು ಥಿಯೇಟರಿನಲ್ಲಿ ಇರಲೇ ಇಲ್ಲ. ಅವರಿಗೆ ಮಂಗನಬಾವು ಆಗಿ ಮನೆಯಲ್ಲಿದ್ದರು. ತಂದೆಯವರ ಜೊತೆ ಹೋಗಿದ್ದವನು ನಾನು.”

ಅತ್ತೆ ತಲೆ ಎತ್ತಿದಳು. ಆಮೇಲೆ ಮೈಕಿಗೆ ಬಾಯಿ ತಂದು, “ಧನ್ಯವಾದ ನಾಗರಾಜ ಅವರೇ. ಈಗ ಒಂದು ಹಾಡು ಕೇಳೋಣ” ಎಂದಳು. ಹುಟ್ಟಿದಾಗಿನಿಂದ ‘ಅಣ್ಣ’ನಾಗಿದ್ದವನು ಆ ಕ್ಷಣಕ್ಕೆ ‘ನಾಗರಾಜ ಅವರು’ ಆದ.

ಅವತ್ತಿನಿಂದ ಅತ್ತೆ ಮಾತು ಬಿಟ್ಟಳು. ನಮ್ಮ ಕಡೆ ಮಾತು ಬಿಡುವುದಕ್ಕೆ ಅದರದೇ ರೀತಿನೀತಿ ಇದೆ. ಮಾತು ಬಿಡಬಹುದು, ಸಂಬಂಧ ಬಿಡುವಂತಿಲ್ಲ. ಅತ್ತೆ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಹುಳಿಯೋ ಗೊಜ್ಜೋ ಇಳಿಬಿಡುವುದು ಹಿಂದಿನಿಂದ ಬಂದ ಪದ್ಧತಿ. ಅದು ನಿಲ್ಲಲಿಲ್ಲ. ಬುಟ್ಟಿ ಇಳಿಯುವಾಗ ಹಿಂದೆ “ಅಣ್ಣಾ!” ಎಂಬ ಕೂಗು ಬರುತ್ತಿತ್ತು, ಈಗ ಬರೀ ಬುಟ್ಟಿ ಬರುತ್ತಿತ್ತು. ಅಪ್ಪ ಹುಳಿಯನ್ನು ಚಪ್ಪರಿಸಿ ತಿಂದು ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಎರಡು ಚಮಚ ಸಕ್ಕರೆ ಹಾಕಿ ಕಳಿಸುತ್ತಿದ್ದ. ಉಳಿದ ವ್ಯವಹಾರವೆಲ್ಲ ನನ್ನ ಮೂಲಕ.

“ಅವಳಿಗೆ ಹೇಳು, ಮೇಲಿಂದ ತುಳಸಿಗೆ ನೀರು ಹಾಕುವಾಗ ಕೆಳಗೆ ಪೇಪರ್ ಓದೋರು ಇರ್ತಾರೆ ಅಂತ.”

“ಅವನಿಗೆ ಹೇಳು, ಪೇಪರ್ ಒದ್ದೆಯಾದ್ರೆ ಏನು, ಅದರಲ್ಲಿರೋ ತಪ್ಪನ್ನೆಲ್ಲ ಅವನೇ ತಿದ್ದಿ ಹೇಳ್ತಾನಲ್ಲ ಅಂತ.”

ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು. ಆದರೂ ನಾನು ಮೆಟ್ಟಿಲು ಹತ್ತಿ ಇಳಿದು ಹೇಳಬೇಕಿತ್ತು, ಇಲ್ಲವಾದರೆ ಮಾತು ಮುಟ್ಟಿದಂತಲ್ಲ. ನನ್ನ ಮಂಡಿನೋವಿಗೆ ಇವರಿಬ್ಬರೇ ಕಾರಣವೆಂದು ಡಾಕ್ಟರಿಗೆ ಹೇಳಿದರೆ ಅವರು ನಂಬಲಿಲ್ಲ.

ಶನಿವಾರ ಬಂದರೆ ಮಾತ್ರ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಗೇಟಿನ ಹತ್ತಿರ ಹಾಜರು. ಕಾರ್ಯಕ್ರಮ ತಪ್ಪಿಸುವ ಮಾತೇ ಇಲ್ಲ, ಕೇಳುಗರು ದೇವರು. ಆಟೋದಲ್ಲಿ ಆ ಅಂಚಿಗೆ ಅಪ್ಪ, ಈ ಅಂಚಿಗೆ ಅತ್ತೆ, ನಡುವೆ ಗೋಡೆಯಾಗಿ ನಾನು. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತೆಂದರೆ ಇಬ್ಬರ ಬಾಯಲ್ಲೂ ಜೇನು ಸುರಿಯುತ್ತಿತ್ತು.

“ಈ ವಾರದ ಪಿಟೀಲು ಕಚೇರಿಯ ಬಗ್ಗೆ ತಮ್ಮ ಅಭಿಪ್ರಾಯವೇನು, ನಾಗರಾಜ ಅವರೇ?”

“ತಾವೇ ಮೊದಲು ಹೇಳಬೇಕು, ವಿಶಾಲಾಕ್ಷಿಯವರೇ. ತಮ್ಮ ಸಂಗೀತಜ್ಞಾನ ನಮ್ಮ ಕೇಳುಗರಿಗೆಲ್ಲ ಗೊತ್ತೇ ಇದೆ.”

ದೀಪ ಆರಿದ ಕೂಡಲೇ ಇಬ್ಬರೂ ಗೋಡೆಯ ಮೊಟ್ಟೆ ಟ್ರೇ ನೋಡುತ್ತ ಕೂರುತ್ತಿದ್ದರು. ಮನೆಯಲ್ಲಿ ಒಂದಕ್ಷರ ಆಡದವರು ರೇಡಿಯೋದಲ್ಲಿ ಮಾತ್ರ ಮಾತಾಡುವುದನ್ನು ನಾನು ಇವರಲ್ಲೇ ಕಂಡಿದ್ದು. ತಮಾಷೆಯೆಂದರೆ ಕೇಳುಗರಿಗೆ ಇದು ಹಿಡಿಸಿಬಿಟ್ಟಿತು. “ಈಗ ಭಾಳ ಮರ್ವಾದೆಯಾಗಿ ಮಾತಾಡ್ತೀರ” ಎಂದು ಫೋನುಗಳು ಬಂದವು. ನಾನು ಮಾತ್ರ ಆ ಮರ್ಯಾದೆ ಕೇಳಲಾರದೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂರುತ್ತಿದ್ದೆ.

ರಾಜಿ ಮಾಡಿಸಲು ನೋಡಿದೆ. ಅಪ್ಪ, “ನಾನು ಹೇಳಿದ್ರಲ್ಲಿ ಸುಳ್ಳೇನಿದೆ, ಅದನ್ನ ಹೇಳು” ಎಂದ. ಅವನಿಗೂ ನೋವಿತ್ತು. ಬುಟ್ಟಿ ಇಳಿಯುವ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿ ಮೇಲೆ ನೋಡುತ್ತ ನಿಲ್ಲುತ್ತಿದ್ದ. ಅತ್ತೆ ಅವರೆಕಾಳು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು. “ಸುಳ್ಳು ಅಂತ ನಾನೂ ಅನ್ನಲ್ಲ ಕಣೇ. ನಿಮ್ಮಪ್ಪನಿಗೆ ಅಪ್ಪನ ನೆನಪು ಬೇಕಾದಷ್ಟಿದೆ. ಕೈ ಹಿಡ್ಕೊಂಡು ಸ್ಕೂಲಿಗೆ ಹೋಗಿದಾನೆ, ಏಟು ತಿಂದಿದಾನೆ. ನನ್ನ ಹತ್ರ ಅಪ್ಪ ಅಂತ ಇದ್ದಿದ್ದು ಅದೊಂದು ಮಧ್ಯಾಹ್ನ. ಅದನ್ನೂ ಊರಿಗೆಲ್ಲ ಕೇಳೋ ಹಾಗೆ ನಂದಲ್ಲ ಅಂದ್ಬಿಟ್ಟ.” ಆಮೇಲೆ ಇಬ್ಬರೂ ಅವರೆಕಾಳು ಬಿಡಿಸಿದೆವು.

ಹೀಗೆ ಎಷ್ಟೋ ಶನಿವಾರಗಳು ಹೋದವು. ನಿನ್ನೆಯ ವಿಷಯ ಹಳೆಯ ಥಿಯೇಟರುಗಳು. ಇಬ್ಬರೂ ಜಾಗರೂಕತೆಯಿಂದ ಕುರ್ಚಿ, ಪರದೆ, ಟಿಕೆಟ್ಟಿನ ಸಾಲು ಎಂದು ಸುತ್ತಲೇ ಮಾತಾಡುತ್ತಿದ್ದರು. ಅಷ್ಟರಲ್ಲಿ ಫೋನು ಬಂತು.

“ನಮಸ್ಕಾರ ಸಾರ್, ಕೋಣನಕುಂಟೆಯಿಂದ ಮುನಿಯಪ್ಪ. ಅಕ್ಕಾವ್ರ ಬುಕ್ಕು ನಮ್ಮ ಮೊಮ್ಮಗಳು ಓದಿ ಹೇಳಿದ್ಲು ಸಾರ್. ಅದ್ರಲ್ಲಿ ಒಂದು ಆನೆ ಸಿನಿಮಾ ಬರ್ತದಲ್ಲ, ತಂದೆಯೋರ ಜೊತೆ ನೋಡಿದ್ದು. ಅಕ್ಕಾವ್ರು ಕಡಲೆಕಾಯಿ ಕತೆ ಬರೆದವ್ರೆ, ಸಿನಿಮಾ ಕತೆ ಅರ್ಧಕ್ಕೇ ಬಿಟ್ಟವ್ರೆ. ನೀವು ನೋಡಿದೀನಿ ಅಂದ್ರಲ್ಲ ಸಾರ್ ಅವತ್ತು. ಲಾಸ್ಟಲ್ಲಿ ಏನಾಯ್ತು ಹೇಳಿ.”

ಗಾಜಿನ ಆಚೆ ಅತ್ತೆಯ ಮುಖ ಕಲ್ಲಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಶುರುಮಾಡಿದ. “ಒಬ್ಬ ರಾಜಕುಮಾರ. ರಾಜ್ಯದ ಆಸೆಗೆ ಚಿಕ್ಕಪ್ಪನೇ ಅವನನ್ನು ಕಾಡಿಗೆ ಬಿಡಿಸುತ್ತಾನೆ. ಒಂದು ಆನೆ ಅವನನ್ನು ಸಾಕುತ್ತದೆ. ದೊಡ್ಡವನಾಗುತ್ತಾನೆ. ಚಿಕ್ಕಪ್ಪನ ಸೈನಿಕರು ಬಂದು ಅವನನ್ನು ಹಿಡಿದು ನದಿಗೆ ತಳ್ಳುತ್ತಾರೆ. ಅಲ್ಲಿಗೆ ಇಂಟರ್ವಲ್.”

“ಹೂಂ ಸಾರ್.”

“ಇಂಟರ್ವಲ್ ಆದ ಮೇಲೆ...” ಅಪ್ಪ ನಿಂತ. “ಆದ ಮೇಲೆ, ರಾಜಕುಮಾರ...” ಮತ್ತೆ ನಿಂತ.

ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಪಾಪವಿಲ್ಲ. ಮೇಘನಾ ಈಚೆಯಿಂದ ಎರಡೂ ಕೈ ತಿರುಗಿಸಿ, ಮುಂದುವರಿಸಿ ಮುಂದುವರಿಸಿ ಎಂದು ಸನ್ನೆ ಮಾಡುತ್ತಿದ್ದಳು. ಅಪ್ಪ ಅವಳನ್ನು ನೋಡಲಿಲ್ಲ. ಕಾಣೆಯಾದದ್ದನ್ನು ಜೇಬಿನಲ್ಲಿ ಹುಡುಕುವವನ ಹಾಗೆ ಮುಖ ಮಾಡಿಕೊಂಡು ಕೂತಿದ್ದ. ಅಷ್ಟು ಹೊತ್ತು ಅಪ್ಪ ಬಾಯಿ ಮುಚ್ಚಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೊನೆಗೆ ಮೈಕಿಗಲ್ಲ, ತನಗೇ ಹೇಳಿಕೊಳ್ಳುವಂತೆ, “ನಾನು ನಿದ್ದೆ ಮಾಡಿಬಿಟ್ಟಿದ್ದೆ” ಎಂದ.

“ಅಯ್ಯೋ, ಹಂಗಾದ್ರೆ ಲಾಸ್ಟು?” ಎಂದರು ಮುನಿಯಪ್ಪ. ಅವರ ಸಂಕಟ ಅವರಿಗೆ.

ಆಗ ಅತ್ತೆ ಮೈಕಿನ ಹತ್ತಿರ ಬಾಗಿದಳು. “ನಾನು ಹೇಳ್ತೀನಿ ಮುನಿಯಪ್ಪನವರೇ. ಆನೆ ಬಂದು ಸೊಂಡಿಲು ಹಾಕಿ ರಾಜಕುಮಾರನ್ನ ನದಿಯಿಂದ ಎತ್ತುತ್ತೆ. ಬೆನ್ನ ಮೇಲೆ ಕೂರಿಸ್ಕೊಂಡು ರಾಜಧಾನಿಗೆ ಬರುತ್ತೆ. ಚಿಕ್ಕಪ್ಪ ಓಡಿಹೋಗ್ತಾನೆ. ಪಟ್ಟಾಭಿಷೇಕದ ದಿನ ಎಲ್ಲಾ ಬಂದಿದಾರೆ, ಆನೆ ಮಾತ್ರ ಅರಮನೆ ಬಾಗಿಲಲ್ಲಿ ಹಿಡಿಸಲ್ಲ. ಹೊರಗೇ ನಿಂತಿರುತ್ತೆ. ರಾಜಕುಮಾರ ನೋಡ್ತಾನೆ. ಸಿಂಹಾಸನಾನೇ ಎತ್ತಿಸಿ ಬೀದಿಗೆ ತಂದು ಹಾಕಿಸ್ತಾನೆ. ಅಲ್ಲೇ, ಆನೆ ಪಕ್ಕದಲ್ಲೇ ಪಟ್ಟಾಭಿಷೇಕ.”

“ಆಹಾ, ಎಂಥಾ ಲಾಸ್ಟು ಅಕ್ಕಾವ್ರೇ!” ಮುನಿಯಪ್ಪನವರ ದನಿ ಗದ್ಗದವಾಗಿತ್ತು. ಆಮೇಲೆ ಅನುಮಾನ ಬಂತು. “ಅಲ್ಲಾ, ಬೇಜಾರು ಮಾಡ್ಕೋಬೇಡಿ. ನೀವು ಹೋಗೇ ಇರ್ಲಿಲ್ವಂತಲ್ಲ, ನಿಮ್ಗೆ ಹೆಂಗೆ ಗೊತ್ತು?”

“ಮಾರನೇ ದಿನ ಬೆಳಿಗ್ಗೆ ಎದ್ದು ಇವರು ನನಗೆ ಅರ್ಧ ಕಥೆ ಹೇಳಿದ್ರು. ಆಮೇಲೆ ಸುಮ್ನಾದ್ರು. ನನಗೆ ತಡೀಲಿಲ್ಲ. ಉಳಿದರ್ಧ ನಾನು ಇವರಿಗೆ ಹೇಳ್ದೆ.” ಆಮೇಲೆ ಅತ್ತೆ ಮೈಕು, ಮುನಿಯಪ್ಪ, ಅಖಿಲ ಜೆ.ಪಿ. ನಗರ ಎಲ್ಲವನ್ನೂ ಮರೆತು ಅಪ್ಪನ ಕಡೆ ತಿರುಗಿದಳು. “ನೀನು ಅಪ್ಪನ ಹೆಗಲ ಮೇಲೆ ನಿದ್ದೆ ಮಾಡ್ತಿದ್ದೆ ಕಣಣ್ಣ. ನಿನಗೆ ಆ ಹೆಗಲು ಗೊತ್ತೇ ಆಗಲಿಲ್ಲ. ನಾನು ಮುಖಕ್ಕೆ ಬಟ್ಟೆ ಕಟ್ಕೊಂಡು ಕಿಟಕೀಲಿ ಕಾಯ್ತಿದ್ದೆ. ಆಗ ತಾನೇ ಬೀದಿ ದೀಪ ಹತ್ತಿತ್ತು. ಅಪ್ಪ ನಿನ್ನ ಹೊತ್ಕೊಂಡು ಬಂದ್ರು. ಒಂದು ಕೈಲಿ ನಿನ್ನ ಚಪ್ಪಲಿ. ನನಗೆ ಅಂತ ಕಡಲೆಕಾಯಿ ಮಿಗಿಸಿದ್ರು, ನನಗೆ ಅಗಿಯೋಕೆ ಆಗಲಿಲ್ಲ. ಅದಕ್ಕೆ ಅವರ ಜೇಬಿಗೆ ಕೈ ಹಾಕಿ ಸಿಪ್ಪೆ ಸದ್ದು ಮಾಡ್ತಾ ಕೂತಿದ್ದೆ. ಅಪ್ಪ ನಗ್ತಿದ್ರು. ಅದಷ್ಟೂ ನಾನು ನೋಡಿದ್ದು. ಬರೀತಾ ಬರೀತಾ ಆ ಹೆಗಲ ಮೇಲೆ ಯಾವಾಗ ನಾನು ಹತ್ತಿ ಕೂತ್ನೋ, ನನಗೇ ಗೊತ್ತಾಗಲಿಲ್ಲ.”

ಮೇಘನಾ ಸನ್ನೆ ಮಾಡುವುದನ್ನು ಬಿಟ್ಟಿದ್ದಳು. ನನ್ನ ಕಣ್ಣು ಮಂಜಾಗಿತ್ತು. ಒರೆಸಲು ಕೈ ಎತ್ತಿದರೆ ಬಳೆ ಸದ್ದಾಯಿತು, ಕೆಳಗಿಟ್ಟೆ.

ಅಪ್ಪ, “ನನ್ನ ಚಪ್ಪಲಿ ಅಪ್ಪ ಹಿಡ್ಕೊಂಡಿದ್ರಾ?” ಎಂದ. ಆ ಪ್ರಶ್ನೆ ಎಪ್ಪತ್ತು ದಾಟಿದವನದಾಗಿರಲಿಲ್ಲ. ಅತ್ತೆ ಹೌದೆಂದು ತಲೆಯಾಡಿಸಿದಳು. ಅಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ತನ್ನ ಹಳೆಯ ದನಿ ತಂದುಕೊಂಡ. “ಕೇಳುಗರೇ, ‘ಇಂಟರ್ವಲ್ಲಿನ ಕಡಲೆಕಾಯಿ’ ಬಗ್ಗೆ ಹಿಂದೆ ನಾನೊಂದು ಮಾತು ಹೇಳಿದ್ದೆ. ಲೇಖಕಿ ಅಂದು ಥಿಯೇಟರಿನಲ್ಲಿ ಇರಲಿಲ್ಲ ಎಂದು. ಅದು ನಿಜ. ಆದರೆ...” ಎಂದು ತಡೆದ. “ಆದರೆ, ಆ ದಿನವನ್ನು ನೋಡಿದ್ದು ಅವಳೇ. ನಾನಲ್ಲ.”

ಅವಸರದಲ್ಲಿ ಮೇಘನಾ ಹಾಡು ಹಾಕಿದಳು.

ಹೊರಗೆ ಬಂದಾಗ ಅತ್ತೆ ಕೈ ಚಾಚಲಿಲ್ಲ, ಚಪ್ಪಲಿ ಹುಡುಕುವುದರಲ್ಲಿದ್ದಳು. ಅಪ್ಪ ಹುಡುಕಿಕೊಟ್ಟ. ಆಟೋ ಬಂತು. ನಾನು ಅಭ್ಯಾಸಬಲದಿಂದ ನಡುವೆ ಕೂರಲು ಹೋದರೆ ಅತ್ತೆ, “ನೀನು ಆ ಕಡೆ ಕೂತ್ಕೊ” ಎಂದು ನನ್ನನ್ನು ಅಂಚಿಗೆ ತಳ್ಳಿ ತಾನು ನಡುವೆ ಕೂತಳು. ಬನಶಂಕರಿಯ ಸಿಗ್ನಲ್ ದಾಟುವವರೆಗೆ ಆನೆ ಬಿಳಿಯದೋ ಕಪ್ಪೋ ಎಂದು ವಾದ ನಡೆಯಿತು. ಇಬ್ಬರೂ ನೋಡದ ಅರ್ಧದ ಬಗ್ಗೆ ಇಬ್ಬರಿಗೂ ಖಾತ್ರಿಯಿತ್ತು. ನನ್ನ ಮಂಡಿಗೆ ಆಟೋದ ಕಂಬಿ ಒತ್ತುತ್ತಿತ್ತು, ನಾನು ಚಕಾರ ಎತ್ತಲಿಲ್ಲ.

ಒಂದೆರಡು ಹಂಪು ಕಳೆಯುವ ಹೊತ್ತಿಗೆ ಅಪ್ಪನ ಮಾತು ನಿಂತಿತು. ನೋಡಿದರೆ ರಸಾನುಭವ. ತಲೆ ಮೆಲ್ಲಗೆ ವಾಲಿ ಅತ್ತೆಯ ಹೆಗಲ ಮೇಲೆ ಬಂದಿತ್ತು. ನನಗೆ ಆಗ ಬಳೆಯ ನೆನಪಾಯಿತು. ತೆಗೆದು ಕೊಡಲು ಹೋದೆ, ಗಲ್ ಎಂದಿತು. ಅತ್ತೆ ಗಾಬರಿಯಿಂದ ನನ್ನ ಕೈ ಹಿಡಿದು ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟಳು. ಮನೆ ಬರುವವರೆಗೂ ಹೆಗಲು ಅಲುಗಿಸದೆ ಕೂತಿದ್ದಳು. ನಾನು ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕೂತಿದ್ದೆ.

ಗೇಟಿನ ಮುಂದೆ ಆಟೋ ನಿಂತಾಗ ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

“ನೋಡು ಇವನನ್ನ. ಇವತ್ತೂ ಅರ್ಧಕ್ಕೇ ಮಲಗಿಬಿಟ್ಟ.”